ಕೂತು ನೋಡುವ ಆನೆ

ದುಡ್ಡು ಕೊಟ್ಟು ಆನೆ ನೋಡಲು ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಮ್ಮ ತಾಳವಾಡಿ ಕಡೆಯವರಿಗೆ ಆನೆ ಎಂದರೆ ಕರೆಯದೆ ಬರುವ ನೆಂಟ. ಬಂದರೆ ಉಂಡೇ ಹೋಗುತ್ತದೆ, ಉಂಡು ಉಳಿದದ್ದನ್ನು ತುಳಿದು ಹೋಗುತ್ತದೆ. ಅಂಥದ್ದನ್ನು ನೋಡಲು ಪೇಟೆಯವರು ರಜೆ ಹಾಕಿ, ಪೆಟ್ರೋಲ್ ಸುಟ್ಟು, ಕತ್ತಿಗೆ ದುರ್ಬೀನು ನೇತುಹಾಕಿಕೊಂಡು ಬರುತ್ತಾರೆ. ಅವರ ಜೊತೆ ನಾನೂ ಒಮ್ಮೆ ಟಿಕೆಟ್ ಕೊಂಡು ಹೋಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹೋದದ್ದು ಹೆಂಡತಿಗೋಸ್ಕರ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅದಕ್ಕೂ ಹತ್ತು ವರ್ಷ ಮೊದಲು ಸೈಕಲ್ಲಿನ ಹಿಂದೆ ಹುಣಸೆಹಣ್ಣಿನ ಮೂಟೆ ಕಟ್ಟಿ, ಗೆಟ್ಟವಾಡಿ ಮೇಲೆ ಚಾಮರಾಜನಗರದ ಸಂತೆಗೆ ತುಳಿಯುತ್ತಿದ್ದವನು ನಾನು. ಆಮೇಲೆ ಬೆಳ್ಳುಳ್ಳಿ, ಆಲೂಗಡ್ಡೆ; ಆಮೇಲೆ ಕೊಯಮತ್ತೂರಿನ ಮಂಡಿಗಳ ಪರಿಚಯ. ಅಲ್ಲಿನ ಡಾಕ್ಟರೊಬ್ಬರು ತಮ್ಮ ಹಳೆಯ ಕಾರನ್ನು ಮಾರುತ್ತಾರೆಂದು ತಿಳಿದು ಹೋದೆ. ನಾನು ಬರುವೆನೆಂದು ಗೊತ್ತಿದ್ದು ಅವರು ಮೊದಲೇ ಗಾಡಿ ಓಡಿಸಿ, ಇಂಜಿನ್ ಬಿಸಿ ಮಾಡಿ ನಿಲ್ಲಿಸಿದ್ದರು. ಹಳೇ ಗಾಡಿ ಕೊಳ್ಳುವವರಿಗೆ ಒಂದು ಮಾತು: ಮೊದಲು ಬಾನೆಟ್ಟಿನ ಮೇಲೆ ಕೈ ಇಡಿ, ಬೆಚ್ಚಗಿದ್ದರೆ ಬಾಯಿ ಬಿಡಬೇಡಿ. ನಾನು ಕಾಫಿ ಕುಡಿದು ಬರುತ್ತೇನೆಂದು ಹೋದವನು ಮೂರು ಗಂಟೆ ಬಿಟ್ಟು ಬಂದೆ. ತಣ್ಣಗಾದ ಗಾಡಿ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಅಲ್ಲಿಂದ ನಮ್ಮ ವ್ಯಾಪಾರದ ಮಾತು ಸಲೀಸಾಯಿತು.

ಗಾಡಿ ಮನೆಗೆ ಬಂದು ತಿಂಗಳಾಗಿರಲಿಲ್ಲ, ಮೈಸೂರಿನಿಂದ ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ಇಳಿದರು. ಅವರಿಗೆ ಅಲ್ಲೊಂದು ಕಚೇರಿಯಲ್ಲಿ ಕೆಲಸ. ಭಾನುವಾರವೆಲ್ಲ ಪ್ರಾಣಿಗಳ ಪುಸ್ತಕ ಓದುವುದು, ವರ್ಷಕ್ಕೊಮ್ಮೆ ಯಾರದಾದರೂ ಗಾಡಿಯಲ್ಲಿ ಕಾಡಿಗೆ ಹೋಗುವುದು, ಉಳಿದ ದಿನ ಅದನ್ನು ಹೇಳುವುದು. ಇದುವರೆಗೆ ಹದಿನೇಳು ಆನೆ ನೋಡಿದ್ದೇನೆ ಎಂದು ನಮ್ಮ ಜಗಲಿಯ ಮೇಲೆ ಕೂತು ಹೇಳಿದರು. ಹದಿನೇಳು. ನನ್ನ ಮಾವನ ಜೋಳದ ಹೊಲದಲ್ಲಿ ಒಂದು ಸುಗ್ಗಿಗೆ ಅದಕ್ಕಿಂತ ಹೆಚ್ಚು ಬಂದು ಹೋಗುತ್ತವೆ. ಅವರು ತಂದ ಯೋಜನೆ ಹೀಗೆ: ನನ್ನ ಕಾರು, ನನ್ನ ಪೆಟ್ರೋಲು, ನನ್ನ ಡ್ರೈವಿಂಗು, ಅವರದು ಮಾರ್ಗದರ್ಶನ. ಗುಂಡ್ಲುಪೇಟೆ ಆಚೆಯ ಕಾಡಿನಲ್ಲಿ ವ್ಯಾನ್ ಹತ್ತಿ ಪ್ರಾಣಿ ನೋಡುವುದು, ಊಟಿಯಲ್ಲಿ ಒಂದು ದಿನ, ಮೆಟ್ಟುಪಾಳ್ಯ ಇಳಿದು ಸತ್ಯಮಂಗಲದ ಮೇಲೆ ದಿಂಬಂ ಹತ್ತಿ ಮನೆ. ಇಂಥ ವ್ಯಾಪಾರ ನಾನು ಎಂದೂ ಒಪ್ಪಿದವನಲ್ಲ. ನಯವಾಗಿ ಇಲ್ಲವೆಂದೆ.

ಅವರು ಸ್ನಾನಕ್ಕೆ ಹೋದಾಗ ಹೆಂಡತಿ ಬಂದು ಹೋಗೋಣ ಎಂದಳು. ಮದುವೆಯಾದ ಮೇಲೆ ಅವಳಾಗಿ ಕೇಳಿದ್ದು ಅದೊಂದೇ ಇರಬೇಕು. ಆನೆ ನೋಡಬೇಕಾದರೆ ತವರಿಗೆ ಹೋಗು, ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ ಎಂದು ನಾನು ನಕ್ಕೆ. ಅವಳ ತವರು ಜೀರಹಳ್ಳಿ ಹತ್ತಿರ, ಹೊಲದ ಬದು ದಾಟಿದರೆ ಕಾಡೇ. ಅವಳು ನಗಲಿಲ್ಲ.

"ನಾ ಉಟ್ಟಿದ್ದೇ ಕಾಡಂಚ್ಗ. ಆದ್ರೂವಿ ಒಂದಿನ ಆನೆಯ ನೆಟ್ಗ ನೋಡಿಲ್ಲ ಕಣಿ. ನೋಡಿದ್ರ ಅದ್ರ ಬೆನ್ನು, ಇಲ್ದಿದ್ರ ಅದು ನನ್ ಬೆನ್ನ ನೋಡ್ತದ. ಒಂದ್ಸಲ ಕುಂತ್ಕಂಡು, ತಲೆಯಿಂದ ಬಾಲದ ಗಂಟ ನೋಡ್ಬೇಕು."

ಅವಳ ಮನೆಯ ಪದ್ಧತಿ ನನಗೆ ಗೊತ್ತಿತ್ತು. ಮಕ್ಕಳಿಗೆ ನಡೆಯಲು ಬಂದ ಕೂಡಲೇ ಕಲಿಸುವ ಪಾಠ ಅದು. ಕೊಂಬೆ ಮುರಿದ ಸದ್ದು ಕೇಳಿದರೆ ಮೊದಲು ಕೈ ತಗಡಿಗೆ ಹೋಗಬೇಕು, ಕಣ್ಣು ನೆಲಕ್ಕೆ ಹೋಗಬೇಕು. ಸ್ವಾಮಿಯನ್ನು ದಿಟ್ಟಿಸಿ ನೋಡಬಾರದು, ನೋಡಿದರೆ ಅದು ಮುಖ ಗುರುತಿಟ್ಟುಕೊಂಡು ಮತ್ತೆ ಬರುತ್ತದೆ ಎಂದು ನಂಬಿಕೆ. ತಗಡು ಬಡಿಯುತ್ತ, ಅಪ್ಪಾ ಸ್ವಾಮಿ ಹೋಗಪ್ಪಾ ಎಂದು ಮರ್ಯಾದೆಯಿಂದಲೇ ಬೇಡಿಕೊಳ್ಳಬೇಕು. ಹಾಗೆ ಹದಿನೆಂಟು ವರ್ಷ ಬಡಿದವಳು ಆನೆಯ ಮುಖ ಕಂಡಿಲ್ಲ ಎಂದರೆ ಸುಳ್ಳಲ್ಲ. ಆದರೂ ನಾನು, ಬೇಕಾದರೆ ಆನೆ ಇರುವ ಕ್ಯಾಲೆಂಡರ್ ತಂದುಕೊಡುತ್ತೇನೆ ಎಂದುಬಿಟ್ಟೆ. ಎರಡು ದಿನ ತಟ್ಟೆಗೆ ಮುದ್ದೆ ಬಂತು, ಮಾತು ಬರಲಿಲ್ಲ. ಮೂರನೆಯ ದಿನ ಮಕ್ಕಳನ್ನು ನನ್ನ ಅವ್ವನ ಹತ್ತಿರ ಬಿಟ್ಟು ಹೊರಟೆವು.

ಷಡ್ಡಕರು ಮುಂದೆ ಕೂತರು, ದಾರಿ ತೋರಿಸಬೇಕಲ್ಲ. ತಲೆಗೆ ಹಸಿರು ಟೋಪಿ, ತೊಡೆಯ ಮೇಲೆ ಕ್ಯಾಮೆರಾ. ಕೆಂಪು ಸೀರೆ ಉಡಬಾರದು ಎಂದು ನನ್ನ ಹೆಂಡತಿಗೆ ಆಗಲೇ ಹೇಳಿ ಸೀರೆ ಬದಲಾಯಿಸುವಂತೆ ಮಾಡಿದ್ದರು. ಚಾಮರಾಜನಗರ ದಾಟುವವರೆಗೂ ಆನೆಯ ಕಿವಿ, ಆನೆಯ ಮೂಗು. ಅಟ್ಟಿಸಿಕೊಂಡು ಬಂದರೆ ಅಂಕುಡೊಂಕಾಗಿ ಓಡಬೇಕು ಎಂದು ಜೀರಹಳ್ಳಿಯ ಹೆಣ್ಣಿಗೆ ಕಲಿಸಿದರು. ಭಾವ, ನೀವು ಯಾವತ್ತು ಓಡಿದ್ದು ಎಂದು ಅವಳು ಹಿಂದಿನಿಂದ ಕೇಳಿದಳು. ಪುಸ್ತಕದಲ್ಲಿದೆ ಎಂದರು.

"ಬುಕ್ಕಲ್ಲೇ ಓಡ್ಬುಟ್ಟವ್ರೆ ಅನ್ನಿ," ಎಂದಳು. ನಾನು ನಗು ತಡೆದುಕೊಳ್ಳಲು ಹಾರ್ನ್ ಹೊಡೆದೆ.

ಕಾಡಿನ ಟಿಕೆಟ್ ಕೊಡುವ ಕಿಟಕಿಯಲ್ಲಿ ಚೌಕಾಸಿ ನಡೆಯುವುದಿಲ್ಲ. ಹಾಗೆಂದು ಕೈ ಚೆಲ್ಲಬಾರದು. ಎಲ್ಲರೂ ಸಾಲಿನಲ್ಲಿ ಗುದ್ದಾಡುತ್ತಿರುವಾಗ ನಾನು ಷಡ್ಡಕರನ್ನು ಸಾಲಿನಲ್ಲಿ ನಿಲ್ಲಿಸಿ, ವ್ಯಾನಿನ ಡ್ರೈವರ್ ಟೀ ಕುಡಿಯುವಲ್ಲಿಗೆ ಹೋದೆ. ಒಂದು ಟೀ, ಎರಡು ಬನ್ನು, ಊರು ಕೇರಿಯ ವಿಚಾರ. ಯಾವ ಕಡೆ ಕೂತರೆ ಒಳ್ಳೆಯದು ಎಂದು ಕೇಳಿದೆ. ಎಡಗಡೆ, ನೀರಿನ ಗುಂಡಿ ಅತ್ತ ಬರುತ್ತದೆ ಎಂದ. ಹೀಗೆ ಹೆಂಡತಿಗೆ ಎಡಗಡೆಯ ಕಿಟಕಿ ಸಿಕ್ಕಿತು. ಅವಳು ಟಿಫಿನ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಮದುವೆಗೆ ಬಂದವಳ ಹಾಗೆ ನೆಟ್ಟಗೆ ಕೂತಳು.

ವ್ಯಾನಿನಲ್ಲಿದ್ದ ಜನ ನೋಡಬೇಕಿತ್ತು. ಕಾಡಿಗೆ ಬರಲು ರೇಷ್ಮೆ ಸೀರೆ ಉಟ್ಟು ಅರ್ಧ ಸೀಸೆ ಸೆಂಟು ಸುರಿದುಕೊಂಡ ಒಬ್ಬಾಕೆ. ಪ್ರತಿ ಬೊಡ್ಡೆಯನ್ನೂ ಹುಲಿ ಎನ್ನುವ ಅವಳ ಗಂಡ. ಸಿಕ್ಕಿದ್ದು ಜಿಂಕೆ, ಜಿಂಕೆಯಾದ ಮೇಲೆ ಜಿಂಕೆ. ಷಡ್ಡಕರು ಒಂದು ರೀಲನ್ನು ಪೂರ್ತಿ ಜಿಂಕೆಗೇ ಖರ್ಚು ಮಾಡಿದರು, ಇನ್ನೊಂದು ತಂದಿರಲಿಲ್ಲ. ಜೊತೆಗಿದ್ದ ಗೈಡು ಎಲ್ಲ ತಿರುವಿನಲ್ಲೂ ನಿನ್ನೆ ಇಲ್ಲೇ ಇತ್ತು ಎನ್ನುತ್ತಿದ್ದ. ಅವನನ್ನು ನಾನು ದೂರುವುದಿಲ್ಲ. ಸೊರಗಿದ ಸೊಪ್ಪು ಇಟ್ಟುಕೊಂಡವನು ನಿನ್ನೆ ಬರಬೇಕಿತ್ತು ಸ್ವಾಮಿ ಎನ್ನುತ್ತಾನಲ್ಲ, ಅದೇ ಮಾತು. ನಂಬಿದವರದು ತಪ್ಪು.

ನೀರಿನ ಗುಂಡಿ ಖಾಲಿ ಇತ್ತು. ಅದನ್ನು ದಾಟಿ ಸ್ವಲ್ಪ ದೂರದಲ್ಲಿ ಎಡಗಡೆಯ ಬಿದಿರು ಮೆಳೆ ಲಟಕ್ಕೆಂದಿತು. ಡ್ರೈವರ್ ಇಂಜಿನ್ ನಿಲ್ಲಿಸಿದ. ಮೆಳೆಯನ್ನು ಸರಿಸಿಕೊಂಡು ಒಂದು ಗಂಡಾನೆ ಹೊರಗೆ ಬಂತು, ಇಪ್ಪತ್ತು ಮಾರು ದೂರ ಇದ್ದಿರಬಹುದು. ವ್ಯಾನಿನಲ್ಲಿದ್ದವರೆಲ್ಲ ಎಡಗಡೆಯ ಕಿಟಕಿಗಳತ್ತ ಬಾಗಿದರು.

ಢಣ್, ಢಣ್, ಢಣ್ ಎಂದಿತು ನನ್ನ ಪಕ್ಕದಲ್ಲಿ. ಹೆಂಡತಿ ಎದ್ದು ನಿಂತಿದ್ದಳು. ಒಂದು ಕೈಯಲ್ಲಿ ಕ್ಯಾರಿಯರಿನ ಹಿತ್ತಾಳೆ ಮುಚ್ಚಳ, ಇನ್ನೊಂದರಲ್ಲಿ ಕ್ಯಾರಿಯರು. ತಲೆ ತಗ್ಗಿಸಿ, ಕಣ್ಣು ಮುಚ್ಚಿ ಬಡಿಯುತ್ತಿದ್ದಳು. "ಅಪ್ಪಾ ಸ್ವಾಮಿ ಓಗಪ್ಪಾ, ಇತ್ತಗ ಬರ್ಬೇಡ ಓಗಪ್ಪಾ." ಆ ಆನೆಗೂ ಆ ಸದ್ದಿನ ಪರಿಚಯ ಇದ್ದಿರಬೇಕು. ಕಾಡಿಗೆ ಗಡಿ ಇಲ್ಲವಲ್ಲ, ನಮ್ಮ ಕಡೆಯ ಜೋಳ ತಿಂದದ್ದೇ ಇರಬಹುದು. ಬಾಲ ಎತ್ತಿ ತಿರುಗಿ, ಬಂದ ದಾರಿಯಲ್ಲೇ ಹೋಯಿತು. ಅವಳು ಕಣ್ಣು ಬಿಡುವಾಗ ಬಿದಿರು ಮಾತ್ರ ಅಲ್ಲಾಡುತ್ತಿತ್ತು. ಮುಚ್ಚಳ ಇನ್ನೂ ಎತ್ತಿದ ಕೈಯಲ್ಲೇ ಇತ್ತು.

ಆಮೇಲೆ ಎಲ್ಲರಿಗೂ ಬಾಯಿ ಬಂತು. ಬೊಡ್ಡೆ ಹುಲಿಯ ಮಹಾಶಯ ಟಿಕೆಟ್ ಹಣ ವಾಪಸ್ ಕೊಡಿಸಬೇಕೆಂದ. ಷಡ್ಡಕರು ಮೆಲ್ಲಗೆ ಎದ್ದು ಬಲಗಡೆಯ ಸೀಟಿಗೆ ಹೋಗಿ, ನಮಗೂ ತಮಗೂ ಸಂಬಂಧವೇ ಇಲ್ಲದವರಂತೆ ಆಚೆ ನೋಡುತ್ತ ಕೂತರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ರೇಷ್ಮೆ ಸೀರೆಯಾಕೆ, "ಇಂಥ ಹಳ್ಳಿಯವರನ್ನೆಲ್ಲ ಯಾಕಾದರೂ ಹತ್ತಿಸಿಕೊಳ್ಳುತ್ತಾರೋ," ಎಂದಳು.

"ನೀವು ಉಣ್ಣೋ ರಾಗಿ, ಈ ಕೈ ಬಡ್ದು ಉಳ್ಸಿರದು ಕಣಮ್ಮ," ಎಂದೆ. ಆದರೆ ಹೆಂಡತಿಗೆ ಅದರಿಂದ ಏನೂ ಸಿಕ್ಕಲಿಲ್ಲ. ವ್ಯಾನ್ ನಿಲ್ಲುವವರೆಗೂ ಅವಳು ಕಿಟಕಿಯತ್ತ ತಿರುಗದೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ನಾನೇ ಓಡಿಸಿಬಿಟ್ಟೆ ಎಂದು ಒಮ್ಮೆ ಹೇಳಿದಳು, ಅಷ್ಟೆ.

ಊಟಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಲ್ಲಿ ಜನ ದುಡ್ಡು ಕೊಟ್ಟು ಚಳಿ ಕೊಳ್ಳುತ್ತಾರೆ, ಆಮೇಲೆ ಮತ್ತೆ ದುಡ್ಡು ಕೊಟ್ಟು ಸ್ವೆಟರ್ ಕೊಳ್ಳುತ್ತಾರೆ. ಸ್ವೆಟರ್ ಬೇಕಿದ್ದರೆ ಮೆಟ್ಟುಪಾಳ್ಯದಲ್ಲಿ ಕೊಳ್ಳಿ. ಸೆಕೆಯ ಊರಿನಲ್ಲಿ ಅದನ್ನು ಕೇಳುವವರಿಲ್ಲ. ಹೆಂಡತಿ ಹೂವಿನ ತೋಟದಲ್ಲೂ ನೆಲ ನೋಡಿಕೊಂಡೇ ನಡೆದಳು. ಕ್ಯಾರಿಯರನ್ನು ಡಿಕ್ಕಿಯ ಒಳಗೆ ತುರುಕಿದ್ದಳು. ಷಡ್ಡಕರು ಮಾತ್ರ ಉತ್ಸಾಹದಲ್ಲಿದ್ದರು, ಅವರ ಲೆಕ್ಕದಲ್ಲಿ ಆ ಓಡಿದ ಆನೆ ಹದಿನೆಂಟನೆಯದಾಗಿತ್ತು.

ಬಣ್ಣಾರಿ ದಾಟಿ ಘಟ್ಟ ಹತ್ತತೊಡಗಿದ ಮೇಲೆ ಆ ಉತ್ಸಾಹ ಇಳಿಯಿತು. ದಿಂಬಂ ದಾರಿಯ ತಿರುವುಗಳು ಪುಸ್ತಕ ಓದಿದವರಿಗೆ ರಿಯಾಯಿತಿ ಕೊಡುವುದಿಲ್ಲ. ಹತ್ತನೆಯ ತಿರುವಿನಲ್ಲಿ ಒಮ್ಮೆ, ಹದಿನೈದನೆಯದರಲ್ಲಿ ಇನ್ನೊಮ್ಮೆ ಗಾಡಿ ನಿಲ್ಲಿಸಿದೆ. ಕೊನೆಗೆ ಅವರು ನಿಂಬೆಹಣ್ಣು ಮೂಸುತ್ತ ಹಿಂದಿನ ಸೀಟಿನಲ್ಲಿ ಮಲಗಿದರು, ಹೆಂಡತಿ ಮುಂದೆ ಬಂದಳು.

ದಿಂಬಂನಲ್ಲಿ ಟೀ ಕುಡಿಯುವಾಗ ಅಂಗಡಿಯವನು, ಹಾಸನೂರಿನ ದಾರಿಯಲ್ಲಿ ಒಂಟಿ ಆನೆ ನಿಂತಿದೆ, ಲಾರಿಗಳು ಬರುವವರೆಗೆ ಕಾಯಿರಿ ಎಂದ. ನಮ್ಮ ಬೆಟ್ಟದ ಕ್ರಮವೇ ಅದು. ನಾಲ್ಕು ಗಾಡಿ ಕೂಡಿ, ಹಾರ್ನ್ ಹೊಡೆಯುತ್ತ ಹೋಗುವುದು. ಷಡ್ಡಕರು ಮಲಗಿದಲ್ಲಿಂದಲೇ ಕಾಯೋಣ ಎಂದರು. ಆ ಮೂರು ದಿನದಲ್ಲಿ ಅವರು ಆಡಿದ ಬುದ್ಧಿಯ ಮಾತು ಅದೊಂದೇ, ನಾನೂ ಒಪ್ಪಿದೆ. ಹೆಂಡತಿ ಟೀ ಲೋಟ ಕೆಳಗಿಟ್ಟಳು.

"ಲಾರಿ ಬಂದ್ರ ಅದು ಓಯ್ತದ. ನಾವೇ ಓಗವ."

ನಾನು ನಷ್ಟದ ವ್ಯಾಪಾರಕ್ಕೆ ಕೈ ಹಾಕುವವನಲ್ಲ. ಆದರೆ ಅವಳ ಮುಖ ನೋಡಿದೆ. ಈಗ ಇಲ್ಲವೆಂದರೆ ಅವಳು ಇನ್ನೊಮ್ಮೆ ಏನನ್ನೂ ಕೇಳುವುದಿಲ್ಲ ಎಂದು ಗೊತ್ತಾಯಿತು. ಅಂಗಡಿಯ ಮುಂದೆಯೇ ರಿವರ್ಸ್ ಗೇರ್ ಎರಡು ಸಲ ಹಾಕಿ ನೋಡಿ, ಹೊರಟೆ.

ಎರಡು ಮೈಲಿ ಹೋಗುವುದರೊಳಗೆ ಕಂಡಿತು. ಒಂದು ಕೊಂಬು ಮುರಿದಿದ್ದ ಸಲಗ. ರಸ್ತೆಯ ಅಂಚಿನಲ್ಲಿ ಹುಲ್ಲು ಕಿತ್ತು, ಬೇರಿನ ಮಣ್ಣನ್ನು ಕಾಲಿಗೆ ಬಡಿದು ಉದುರಿಸಿ ತಿನ್ನುತ್ತಿತ್ತು. ಇಳಿಬಿಸಿಲು ಅದರ ಮೇಲೆಯೇ ಬಿದ್ದಿತ್ತು. ಇಂಥಲ್ಲಿ ಇಂಜಿನ್ ನಿಲ್ಲಿಸಬೇಡಿ, ಮುಂದೆ ನುಗ್ಗಲೂಬೇಡಿ. ದೂರದಲ್ಲೇ ನಿಂತು, ರಿವರ್ಸ್ ಗೇರಿಗೆ ಹಾಕಿ, ಕ್ಲಚ್ ಮೆಟ್ಟಿಕೊಂಡಿರಿ. ನಾನು ಹಾಗೇ ಮಾಡಿದೆ. ಹಿಂದಿನಿಂದ ಧಪ್ ಎಂದು ಸದ್ದಾಯಿತು. ಷಡ್ಡಕರು ಸೀಟಿನಿಂದ ಇಳಿದು ಕಾಲಿಡುವ ಜಾಗದಲ್ಲಿ ಮಲಗಿ, ಟವೆಲು ಹೊದ್ದುಕೊಂಡಿದ್ದರು. ಹಸಿರು ಟೋಪಿ ಸೀಟಿನ ಮೇಲೆಯೇ ಇತ್ತು.

ಹೆಂಡತಿಯ ಕಣ್ಣು ಆಗಲೇ ನೆಲಕ್ಕೆ ಇಳಿದಿತ್ತು. ಕೈ ಡ್ಯಾಶ್‌ಬೋರ್ಡಿನ ತಗಡನ್ನು ತಡವುತ್ತಿತ್ತು. ಅದು ಅವಳಿಗೂ ತಿಳಿಯಿತು.

"ನನ್ ಕೈಯ ಇಡ್ಕಳಿ. ಗಟ್ಟ್ಯಾಗಿ," ಎಂದಳು.

ಸ್ಟೇರಿಂಗ್ ಬಿಟ್ಟು ಅವಳ ಎರಡೂ ಕೈಗಳನ್ನು ಹಿಡಿದುಕೊಂಡೆ. ಆನೆ ಒಂದು ಹೆಜ್ಜೆ ಇಟ್ಟಾಗಲೆಲ್ಲ ಆ ಕೈಗಳು ಹಗ್ಗ ಜಗ್ಗುವ ಕರುವಿನ ಹಾಗೆ ಜಗ್ಗಿದವು. ಅಂಥ ಬಲ ಅವಳಲ್ಲಿದೆಯೆಂದು ನನಗೆ ತಿಳಿದಿರಲಿಲ್ಲ. ಎಡಗಾಲನ್ನು ಕ್ಲಚ್ಚಿನಿಂದ ಎತ್ತುವ ಹಾಗೂ ಇರಲಿಲ್ಲ. ಅವಳು ಮೆಲ್ಲಗೆ ತಲೆ ಎತ್ತಿದಳು. ಮೊದಲು ಆನೆಯ ಕಾಲುಗುರು, ಆಮೇಲೆ ಮಂಡಿ, ಆಮೇಲೆ ಹೊಟ್ಟೆ, ಕೊನೆಗೆ ಮುಖ. ಅದೂ ತಿನ್ನುವುದನ್ನು ನಿಲ್ಲಿಸಿ ಗಾಡಿಯ ಕಡೆ ನೋಡಿತು.

"ರೆಪ್ಪೆ ಅದ ಕಣಿ ಅದಕ್ಕ," ಎಂದಳು, ಪಿಸುಮಾತಿನಲ್ಲಿ. "ಎಷ್ಟ್ ಉದ್ದ ರೆಪ್ಪೆ."

ಅಷ್ಟು ವರ್ಷ ಈ ಬೆಟ್ಟದಲ್ಲಿ ಓಡಾಡಿದ ನಾನು ಅದನ್ನು ಗಮನಿಸಿರಲಿಲ್ಲ. ಹದಿನೆಂಟು ಆನೆ ನೋಡಿದವರು ಟವೆಲ್ಲಿನ ಒಳಗಿಂದ, ಹೋಯಿತೇ ಎಂದು ಕೇಳಿದರು. ಹೆಂಡತಿ ಸಾವಕಾಶವಾಗಿ ನೋಡಿದಳು, ತಲೆಯಿಂದ ಶುರುಮಾಡಿ ಬಾಲದವರೆಗೆ, ಬಾಲದಿಂದ ಮತ್ತೆ ತಲೆಯವರೆಗೆ, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ನೋಡುವ ಹಾಗೆ. ಕೈಗಳ ಜಗ್ಗಾಟ ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಹಿಂದೆ ದೂರದಲ್ಲಿ ಲಾರಿಗಳ ಹಾರ್ನ್ ಕೇಳಿಸಿತು. ಸಲಗ ಕಿವಿ ಒಮ್ಮೆ ಬೀಸಿ, ಯಾವ ಅವಸರವೂ ಇಲ್ಲದೆ ರಸ್ತೆ ದಾಟಿ ಲಾಂಟಾನದ ಪೊದೆಗಳ ಹಿಂದೆ ಹೋಯಿತು. ನಾನು ಇನ್ನೂ ಹಿಡಿದುಕೊಂಡೇ ಇದ್ದೆ.

"ಇನ್ ಬುಡಿ ಕೈಯ್ಯ," ಎಂದಳು ಹೆಂಡತಿ. "ಭಾವನ ಮ್ಯಾಕ್ ಎಬ್ಬ್ಸಿ."