ದೊಡ್ಡಮ್ಮನ ಗಿಂಡಿಯೂ ರಾಮೇಶ್ವರದ ರಸ್ತೆಯೂ

ನಮ್ಮ ರಾಮೇಶ್ವರ ಪ್ರವಾಸದ ಬಗ್ಗೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಇದು ನನ್ನದು. ಮೊದಲ ಕರಡು ಓದಿದ ಹೆಂಡತಿ ಅರ್ಧಕ್ಕೇ ನಿಲ್ಲಿಸಿ, "ಸೇತುವೆ ಮೇಲೆ ಗಾಳಿ ಎಲ್ಲಿತ್ತು? ಅತ್ತೆ ಸೆರಗು ಹಾರಿದ್ದು ಲಾರಿ ಹೋಗಿದ್ದಕ್ಕೆ" ಎಂದಳು. ಫೋನಿನಲ್ಲಿ ಫೋಟೊ ಹುಡುಕಿ ನೋಡಿದೆವು. ಸೆರಗು ಹಾರುತ್ತಿದೆ, ನಿಜ. ಆದರೆ ಫೋಟೊದಲ್ಲಿ ಲಾರಿ ಇಲ್ಲ. ಗಾಳಿಯೂ ಇಲ್ಲ, ಅದು ಫೋಟೊಗೆ ಬೀಳುವುದಿಲ್ಲ. ಬರೆಯುತ್ತಿರುವವನು ನಾನಾದ್ದರಿಂದ ಸದ್ಯಕ್ಕೆ ಗಾಳಿ.

ಬಸವೇಶ್ವರನಗರದಿಂದ ಹೊರಟವರು ನಾನು, ಹೆಂಡತಿ, ಅಮ್ಮ. ಬಾಡಿಗೆ ಕಾರು. ಅದರ ಡ್ರೈವರ್ ಬಾಗಲಕೋಟೆ ಕಡೆಯವನು, ನಾಗರಬಾವಿಯಲ್ಲಿ ರೂಮು ಮಾಡಿಕೊಂಡಿದ್ದ. ನಮ್ಮೆಲ್ಲರಿಗಿಂತ ಮುಖ್ಯ ಪ್ರಯಾಣಿಕ ಅಮ್ಮನ ಮಡಿಲಲ್ಲಿ ಕೂತಿತ್ತು. ಅದು ದೊಡ್ಡಮ್ಮನ ಗಿಂಡಿ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ರಾಜಾಜಿನಗರದಲ್ಲಿ ಮನೆ. ಬಹಳ ವರ್ಷದ ಹಿಂದೆ ದೊಡ್ಡಪ್ಪನ ಜೊತೆ ಕಾಶಿಗೆ ಹೋಗಿ, ಅಲ್ಲಿ ಎಲ್ಲರೂ ತರುವ ಹಾಗೆ, ಮುಚ್ಚಳಕ್ಕೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆ ತಂದಿದ್ದರು. ಆ ನೀರನ್ನು ರಾಮೇಶ್ವರದ ಲಿಂಗಕ್ಕೆ ಅಭಿಷೇಕ ಮಾಡಿಸಿದರೆ ಯಾತ್ರೆ ಪೂರ್ತಿ, ಇಲ್ಲದಿದ್ದರೆ ಅರ್ಧ. ದೊಡ್ಡಪ್ಪ ಮುಂದಿನ ವರ್ಷ ಎಂದರು. ಅದರ ಮುಂದಿನ ವರ್ಷವೂ ಮುಂದಿನ ವರ್ಷ ಎಂದರು. ಆಮೇಲೆ ದೊಡ್ಡಪ್ಪ ಇರಲಿಲ್ಲ, ದೊಡ್ಡಮ್ಮನ ಮಂಡಿಗಳೂ ಅವರ ಮಾತು ಕೇಳುವುದನ್ನು ಬಿಟ್ಟವು. ನಾವು ಹೊರಡುವ ಸುದ್ದಿ ಕೇಳಿ ಗಿಂಡಿ ಕಳಿಸಿಕೊಟ್ಟರು. "ಅರ್ಧ ಯಾತ್ರೆ ಇಟ್ಕೊಂಡು ಸಾಯೋಕಾಗಲ್ಲ ಕಣೇ ನಂಗೆ" ಎಂದರಂತೆ ಅಮ್ಮನಿಗೆ, ಒಲೆ ಮೇಲೆ ಹಾಲಿಟ್ಟು ಅಂಗಡಿಗೆ ಹೋಗಲಾಗುವುದಿಲ್ಲ ಎನ್ನುವ ದನಿಯಲ್ಲಿ.

ಗಿಂಡಿಯ ಜೊತೆ ಕಟ್ಟಳೆಗಳೂ ಬಂದಿದ್ದವು. ನೆಲಕ್ಕಿಡಬಾರದು. ಚಪ್ಪಲಿ ಹಾಕಿಕೊಂಡು ಹಿಡಿಯಬಾರದು. ಎಂಜಲು ಕೈ ಮುಟ್ಟಬಾರದು. ಕಾರಿನಲ್ಲಿ ಒಂಟಿಯಾಗಿ ಬಿಡಬಾರದು. ಹೀಗಾಗಿ ಎಲ್ಲಿ ಕಾರು ನಿಂತರೂ ನಮ್ಮಲ್ಲೊಬ್ಬರು ಬರಿಗಾಲಲ್ಲಿ, ಖಾಲಿ ಹೊಟ್ಟೆಯಲ್ಲಿ, ಗಿಂಡಿ ಹಿಡಿದು ನಿಲ್ಲಬೇಕು. ಇದೂ ಸಾಲದೆಂದು ದೊಡ್ಡಮ್ಮ ವಿಡಿಯೊ ಕಾಲ್ ಮಾಡುತ್ತಿದ್ದರು. ಉಪ್ಪಿನಕಾಯಿ ಜಾಡಿಗೆ ಫೋನು ಒರಗಿಸಿಟ್ಟು ಕೂತು, "ತೋರ್ಸೇ" ಎನ್ನುವರು. ಅಮ್ಮ ಗಿಂಡಿ ಎತ್ತಿ ತೋರಿಸುವಳು. "ಸರಿ" ಎಂದು ಫೋನಿಡುವರು. ಹೋಟೆಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಮಧುರೆ ದಾಟಿದ ಮೇಲೆ ಒಂದು ಎಳನೀರು ಗಾಡಿಯ ಮುಂದೆ. ನಾವು ಚೆನ್ನಾಗಿದ್ದೇವಾ ಎಂದು ಒಮ್ಮೆಯೂ ಕೇಳಲಿಲ್ಲ.

ನನಗೆ ಬೇರೆ ಆಸೆಯಿತ್ತು. ಆ ದ್ವೀಪದ ರಸ್ತೆಯಲ್ಲಿ ನಿಲ್ಲಲೇಬೇಕಾದ ಜಾಗಗಳನ್ನೆಲ್ಲ ತಲೆಯಲ್ಲಿ ಪೋಣಿಸಿಕೊಂಡಿದ್ದೆ. ಪಾಂಬನ್ ಸೇತುವೆ, ರಾಮನ ಪಾದವಿರುವ ದಿಬ್ಬ, ತೇಲುವ ಕಲ್ಲು, ಧನುಷ್ಕೋಟಿಯ ಪಾಳು ಇಗರ್ಜಿ, ಕೊನೆಗೆ ರಸ್ತೆಯೇ ಮುಗಿದುಹೋಗುವ ತುದಿ. "ಪ್ರತಿ ಸ್ಟಾಪಲ್ಲೂ ನಿಲ್ಲೋದಕ್ಕೆ ನಾವೇನು ಸಿಟಿ ಬಸ್ಸಾ?" ಎಂದಳು ಹೆಂಡತಿ. ಆದರೂ ಒಪ್ಪಿದಳು. ದ್ವೀಪ ತಲುಪಿದ ದಿನವೆಲ್ಲ ಸುತ್ತುವುದು, ಮರುದಿನ ಬೆಳಗ್ಗೆ ಅಭಿಷೇಕ ಎಂದು ಮಾತಾಯಿತು.

ಪಾಂಬನ್ ಸೇತುವೆಯ ಮೇಲೆ ಕಾರು ನಿಲ್ಲಿಸಬಾರದು. ಎಲ್ಲರೂ ನಿಲ್ಲಿಸುತ್ತಾರೆ. ಬೆಳಗಿನ ಹೊತ್ತು, ಕೆಳಗೆ ರೈಲಿನ ಸೇತುವೆ, ಅದರಾಚೆ ದೋಣಿಗಳು, ನೀರು ಎಲ್ಲಿ ಹಸಿರು ಎಲ್ಲಿ ನೀಲಿ ಎಂದು ಇನ್ನೂ ತೀರ್ಮಾನಿಸದಂತಿತ್ತು. ನಾನು ಅದನ್ನು ನೋಡುತ್ತಿದ್ದಾಗ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಅಮ್ಮನ ವಯಸ್ಸಿನ ಹೆಂಗಸೊಬ್ಬರು ಕಟ್ಟೆಗೆ ಒರಗಿ ನಿಂತಿದ್ದರು. ಅವರ ಕೈಯಲ್ಲೂ ಒಂದು ಗಿಂಡಿ. ಅವರ ಕಾಲಲ್ಲೂ ಚಪ್ಪಲಿ ಇರಲಿಲ್ಲ.

"ಎಲ್ಲಿಯವ್ರು ನೀವು?" ಎಂದಳು ಅಮ್ಮ.

"ವಿಜಯನಗರ ಕಣ್ರೀ. ನೀವು?"

"ಅಯ್ಯೋ, ಇಲ್ಲೇ ಬಸವೇಶ್ವರನಗರ."

ಸಮುದ್ರದ ಮೇಲೆ ನಿಂತು 'ಇಲ್ಲೇ' ಎಂದಳು. ಆಮೇಲೆ ಯಾವ ಮೇನು, ಯಾವ ಕ್ರಾಸು, ಬಾಗಿಲು ಯಾವ ದಿಕ್ಕಿಗೆ, ಮಹಡಿ ಮೇಲಿನ ಬಾಡಿಗೆಯವರು ಎಂಥವರು, ಕಾಫಿಪುಡಿ ಎಲ್ಲಿ ತರುವುದು, ಎಲ್ಲವೂ ಬಂತು. ಆಗಲೇ ಗಾಳಿ ಬೀಸಿದ್ದು. ಸೆರಗು ಹಾರಿತು. ಅಮ್ಮ, "ಒಂದ್ನಿಮ್ಷ ಹಿಡ್ಕೊಳ್ಳಿ" ಎಂದು ಗಿಂಡಿಯನ್ನು ಅವರ ಇನ್ನೊಂದು ಕೈಗೆ ಕೊಟ್ಟು ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ಪೊಲೀಸಿನವನ ಸೀಟಿ. ಎಲ್ಲರೂ ಕಾರುಗಳಿಗೆ ಓಡಿದರು. ಆ ಹೆಂಗಸು ಒಂದು ಗಿಂಡಿ ಅಮ್ಮನ ಕೈಗಿತ್ತು, ಅಳಿಯ ಬಾಗಿಲು ತೆರೆದುಕೊಂಡು ಕೂತಿದ್ದ ಬಿಳಿ ಕಾರು ಹತ್ತಿ ಹೋದರು.

ಅವರು ಕೊಟ್ಟದ್ದು ಬಲಗೈಯಿಂದ. ಹೆಂಡತಿ ಎಡಗೈ ಎನ್ನುತ್ತಾಳೆ. ಅಮ್ಮ ತಾನು ಅವರ ಯಾವ ಕೈಗೆ ಕೊಟ್ಟೆನೆಂಬುದನ್ನೇ ಮರೆತಿದ್ದಳು.

ಸೇತುವೆ ಇಳಿಯುತ್ತಿದ್ದ ಹಾಗೆ ಫೋನು ಬಂತು. "ತೋರ್ಸೇ." ಅಮ್ಮ ತೋರಿಸಿದಳು. ದೊಡ್ಡಮ್ಮ 'ಸರಿ' ಎನ್ನಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಅದು ನಂದಲ್ಲ."

ಅಮ್ಮ ನಡೆದದ್ದನ್ನು ಹೇಳಿದಳು. ದೊಡ್ಡಮ್ಮ ಪೂರ್ತಿ ಕೇಳಿ, "ಅವ್ರು ಅಭಿಷೇಕ ಯಾವತ್ತು ಮಾಡಿಸ್ತಾರಂತೆ?" ಎಂದರು.

"ನಾಳೆ ಬೆಳಗ್ಗೆ ಅಂದ್ರು ಅಕ್ಕ."

"ಹಂಗಾದ್ರೆ ನಾಳೆ ಬೆಳಗ್ಗೆ ನನ್ನ ಗಂಗೆ ಅವರ ಹೆಸರಲ್ಲಿ ಹೋಗುತ್ತೆ. ನಾನು ಇಲ್ಲಿ ಅರ್ಧದಲ್ಲೇ ಇರ್ತೀನಿ." ಫೋನಿಟ್ಟರು.

ನಂಬರ್ ತಗೊಂಡ್ಯಾ ಎಂದು ಅಮ್ಮನನ್ನು ಕೇಳಿದೆ. ಇಲ್ಲ. ಹೆಸರು? ಅದೂ ಇಲ್ಲ. ಅವರ ಅಡುಗೆಮನೆ ಆಗ್ನೇಯಕ್ಕಿದೆ ಎಂಬುದು ಗೊತ್ತಿತ್ತು. ಬೆಂಗಳೂರಿನಲ್ಲಿ ಬಿಟ್ಟರೆ ಅಮ್ಮ ಅವರ ಗೇಟಿಗೇ ಹೋಗಿ ನಿಲ್ಲುತ್ತಿದ್ದಳು. ಇಲ್ಲಿ ನಮ್ಮ ಹತ್ತಿರ ಇದ್ದ ಸುಳಿವು ಒಂದೇ: ಬಿಳಿ ಕಾರು, ನಂಬರ್ ಪ್ಲೇಟಿನಲ್ಲಿ ನಮ್ಮ ಕಾರಿನ ಹಾಗೇ ರಾಜಾಜಿನಗರ ಆರ್‌ಟಿಒದ ಕೆಎ ಝೀರೊ ಟೂ.

ಅಲ್ಲಿಂದ ಮುಂದೆ ನಾವು ರಾಮೇಶ್ವರ ನೋಡಲಿಲ್ಲ, ನಂಬರ್ ಪ್ಲೇಟು ನೋಡಿದೆವು. ರಾಮನ ಪಾದದ ದಿಬ್ಬ ಇಡೀ ದ್ವೀಪಕ್ಕೇ ಎತ್ತರದ ಜಾಗ. ಮೇಲಿನಿಂದ ತೆಂಗಿನ ತಲೆಗಳು, ದೇವಸ್ಥಾನದ ಗೋಪುರ, ಸುತ್ತ ನೀರು ಕಾಣುತ್ತದೆಯಂತೆ. ಹೆಂಡತಿ ಕಟ್ಟೆಯ ಮೇಲೆ ಮೊಣಕೈ ಊರಿ, ಫೋನಿನ ಕ್ಯಾಮೆರಾ ಎಳೆದು ದೊಡ್ಡದು ಮಾಡಿಕೊಂಡು ಕೆಳಗಿನ ಪಾರ್ಕಿಂಗನ್ನು ಸಾಲು ಸಾಲಾಗಿ ಓದಿದಳು. "ರೀ, ಝೀರೊ ಟೂ. ಮೂಲೇಲಿ. ಬಿಳಿ."

ಇಳಿದು ಓಡಿದೆವು. ಕಾರಿಗೆ ಒರಗಿ ಮೂವರು ಯುವಕರು ಸೌತೆಕಾಯಿ ತಿನ್ನುತ್ತಿದ್ದರು.

"ಇದು ನಿಮ್ದಾ?" ಎಂದೆ.

"ಹೌದು ಅಣ್ಣ. ಯಾಕೆ, ಟಚ್ ಆಯ್ತಾ?"

ಅಮ್ಮ ಏದುಸಿರು ಬಿಡುತ್ತಾ ಮುಂದೆ ಬಂದಳು. "ನಿಮ್ಮ ಹತ್ರ ಗಿಂಡಿ ಏನಾದ್ರೂ ಇದ್ಯೇನಪ್ಪಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಸೌತೆಕಾಯಿ ಬೆನ್ನ ಹಿಂದೆ ಹಿಡಿದ. "ಇಲ್ಲ ಆಂಟಿ. ದೇವಸ್ಥಾನಕ್ಕೆ ಬಂದಿದೀವಿ, ಗುಂಡು ಗಿಂಡು ಅದೆಲ್ಲ ಏನೂ ತಂದಿಲ್ಲ."

"ಮಗಾ, ತಾಮ್ರದ್ದು ಕೇಳ್ತಿದಾರೆ ಕಣೋ" ಎಂದ ಇನ್ನೊಬ್ಬ.

"ಯಾವುದೂ ಇಲ್ಲ ಆಂಟಿ" ಎಂದ ಮೊದಲನೆಯವ ಖಚಿತವಾಗಿ.

ತೇಲುವ ಕಲ್ಲಿನ ಜಾಗದಲ್ಲಿ ಗಿಂಡಿ ಹಿಡಿಯುವ ಸರದಿ ನನ್ನದು. ಒಂದು ತೊಟ್ಟಿ, ಅದರಲ್ಲಿ ತೂತು ತೂತಿನ ಕಲ್ಲುಗಳು ಬೆಣ್ಣೆಯ ಹಾಗೆ ತೇಲುತ್ತಿದ್ದವು. ಜನ ಮುಳುಗಿಸಿ ಮುಳುಗಿಸಿ ಬಿಡುತ್ತಿದ್ದರು. ನನಗೆ ಆ ಕಲ್ಲನ್ನು ಮುಟ್ಟಿದ ನೆನಪಿದೆ, ಅಂಗೈಗೆ ತಣ್ಣಗೆ, ಒರಟಾಗಿ. ಆದರೆ ನನ್ನ ಎರಡೂ ಕೈಯಲ್ಲಿ ಗಿಂಡಿಯಿತ್ತು, ಫೋಟೊ ಇದೆ. ತಣ್ಣನೆಯದು ತಾಮ್ರದ್ದಿರಬಹುದು. ಒರಟು ಎಲ್ಲಿಂದ ಬಂತೋ ಗೊತ್ತಿಲ್ಲ. ಹೆಂಡತಿ ಹೊರಗಿನಿಂದಲೇ, "ಇಲ್ಲಿ ಇರೋದೆಲ್ಲ ಝೀರೊ ಫೈವು, ಬನ್ನಿ" ಎಂದು ಕೂಗಿದಳು.

ಧನುಷ್ಕೋಟಿಯ ರಸ್ತೆ ಗೆರೆ ಎಳೆದಂತೆ ನೇರ. ಒಂದು ಮಗ್ಗುಲಿನ ಸಮುದ್ರ ತಟ್ಟೆಯಲ್ಲಿಟ್ಟ ಹಾಗೆ ಸುಮ್ಮನಿರುತ್ತದೆ, ಇನ್ನೊಂದು ಮಗ್ಗುಲಿನದು ಜಗಳ ಮುಗಿಸದೆ ಎದ್ದು ಬಂದಂತಿರುತ್ತದೆ. ಇದನ್ನು ನಾನು ಅಮ್ಮನಿಗೆ ತೋರಿಸಿದೆ. ಅವಳು, "ಹೂಂ. ಮುಂದೆ ಹೋಗ್ತಿರೋದು ಯಾವ ನಂಬರು ನೋಡೋ" ಎಂದಳು. ಸಂಜೆ ಆ ರಸ್ತೆಗೆ ಗಾಡಿ ಬಿಡುವುದಿಲ್ಲ, ಬಂದವರನ್ನೂ ವಾಪಸ್ ಕಳಿಸುತ್ತಾರೆ. ಹೊತ್ತು ಇಳಿಯುತ್ತಿತ್ತು.

ಪಾಳು ಇಗರ್ಜಿಯ ಹತ್ತಿರ ಬಿಳಿ ಕಾರುಗಳು ಕಂಡವು ಎಂದು ನಿಲ್ಲಿಸಿದೆವು. ಅಲ್ಲಿ ಮರಳಿನ ಮೇಲೆ ನಡೆಯಬೇಕು. ಗಿಂಡಿ ಅಮ್ಮನ ಕೈಯಲ್ಲಿತ್ತು, ಅಂದರೆ ಬರಿಗಾಲು. ಮರಳು ಇನ್ನೂ ಕಾದ ಹೆಂಚು. ಅಮ್ಮ ನಾಲ್ಕು ಹೆಜ್ಜೆ ಕುಣಿದು ನಿಂತಳು.

"ಚಪ್ಪಲಿ ಹಾಕ್ಕೊಳಮ್ಮ, ದೊಡ್ಡಮ್ಮಂಗೆ ಕಾಣಲ್ಲ" ಎಂದೆ.

"ಅವಳಿಗೆ ಗೊತ್ತಾಗುತ್ತೆ ಕಣೋ."

"ಅಷ್ಟಕ್ಕೂ ಇದು ದೊಡ್ಡಮ್ಮಂದೇ ಅಲ್ವಲ್ಲ."

"ಇನ್ನೊಬ್ರದಾದ್ರೆ ಇನ್ನೂ ಜಾಸ್ತಿ ಹುಷಾರಾಗಿರ್ಬೇಕು."

ಡ್ರೈವರ್ ಕಾರಿನಿಂದ ಕಾಲಡಿಯ ಮ್ಯಾಟುಗಳೆರಡನ್ನು ತಂದ. "ಅವ್ವಾರ, ಇದರ ಮ್ಯಾಲ ನಿಂದರ್ರಿ. ಈಗ ಈ ಕಡಿ ದಾಟ್ರಿ." ಅಮ್ಮ ಒಂದು ಮ್ಯಾಟಿನ ಮೇಲೆ ನಿಂತಾಗ ಹಿಂದಿನದನ್ನೆತ್ತಿ ಮುಂದೆ ಹಾಸುತ್ತಾ, ಹೀಗೆ ಆ ಇಗರ್ಜಿಯವರೆಗೆ ಅವಳನ್ನು ಕರೆದುಕೊಂಡು ಹೋದ. ಚಿಪ್ಪಿನ ಸರ ಮಾರುವ ಹೆಂಗಸರು ವ್ಯಾಪಾರ ಬಿಟ್ಟು ನೋಡಿದರು. ಕೈಮುಗಿದವರೂ ಇದ್ದರು. ಮಠದ ಯಾರೋ ದೊಡ್ಡವರು ಎಂದುಕೊಂಡಿರಬೇಕು. ಸೂರಿಲ್ಲದ ಆ ಗೋಡೆಗಳ ನಡುವೆ ವಿಜಯನಗರದವರು ಇರಲಿಲ್ಲ. ಅಮ್ಮ ಅದೇ ಗೌರವದಲ್ಲಿ ವಾಪಸ್ ಬಂದಳು.

ಉಳಿದದ್ದು ತುದಿ. ಅಲ್ಲಿ ರಸ್ತೆ ಒಂದು ಕಂಬಕ್ಕೆ ಸುತ್ತು ಹಾಕಿ ಬಂದ ದಾರಿಗೇ ತಿರುಗುತ್ತದೆ. ಆಚೆ ಬರೀ ನೀರು. ನಾವು ಇಳಿಯುವ ಮೊದಲೇ, ಜನರ ನಡುವಿನಿಂದ ಒಬ್ಬ ಹೆಂಗಸು ಗಿಂಡಿಯನ್ನು ತಲೆಯ ಮೇಲೆತ್ತಿ ಹಿಡಿದು ಬರಿಗಾಲಲ್ಲಿ ನಮ್ಮ ಕಡೆ ಓಡಿ ಬಂದರು.

"ನಿಮ್ಮನ್ನೇ ಕಣ್ರೀ ಬೆಳಗ್ಗಿಂದ ಹುಡುಕ್ತಿರೋದು. ನನ್ನ ಗಿಂಡಿ ಇಷ್ಟು ಭಾರ ಇರ್ಲಿಲ್ಲ."

ಹಿಂದೆ ಬಂದ ಅವರ ಅಳಿಯ ನನ್ನ ಪಕ್ಕ ನಿಂತ. "ಒಂದು ಜಾಗನೂ ನೋಡೋಕೆ ಬಿಡ್ಲಿಲ್ಲ ಸಾರ್, ನಮ್ಮತ್ತೆ. ಸಿಕ್ಕಿದ ಕೆಎ ಝೀರೊ ಟೂ ಎಲ್ಲಾ ನಿಲ್ಲಿಸಿದಾರೆ. ಯಾರೋ ಮೂರು ಜನ ಹುಡುಗ್ರು, 'ಏನ್ ಸಾರ್, ನಿಮಗೂ ಗಿಂಡಿ ಬೇಕಾ' ಅಂದ್ರು."

ಇಬ್ಬರು ಹೆಂಗಸರೂ ಗಿಂಡಿಗಳನ್ನು ಅಕ್ಕಪಕ್ಕ ಹಿಡಿದರು. ಒಂದೇ ಎರಕ, ಒಂದೇ ಬೆಸುಗೆ, ಒಂದೇ ಮಾಸಲು. ಅಮ್ಮ ತೂಗಿ ನೋಡಿದಳು, ಅವರು ಅಲುಗಿಸಿ ನೋಡಿದರು. ಯಾರದು ಯಾವುದು ಎಂದು ಯಾರಿಗೂ ಹೇಳಲಾಗಲಿಲ್ಲ. ಅಮ್ಮ ದೊಡ್ಡಮ್ಮನಿಗೆ ಫೋನು ಮಾಡಿದಳು. ಸಿಗ್ನಲ್ ಒಂದೇ ಕಡ್ಡಿ. ಉಪ್ಪಿನಕಾಯಿ ಜಾಡಿಯ ಎದುರು ದೊಡ್ಡಮ್ಮ ಕಾಯುತ್ತಲೇ ಇದ್ದರು. ಅಮ್ಮ ಮೊದಲು ವಿಜಯನಗರದವರ ಕೈಯಲ್ಲಿದ್ದ ಗಿಂಡಿ ತೋರಿಸಿದಳು.

"ಅದು ನಂದಲ್ಲ."

ಬೆಳಗ್ಗೆಯಿಂದ ನಮ್ಮ ಹತ್ತಿರ ಇದ್ದದ್ದನ್ನು ತೋರಿಸಿದಳು.

"ಅದೂ ನಂದಲ್ಲ."

"ಅಕ್ಕಾ, ಇರೋದೇ ಎರಡು" ಎಂದಳು ಅಮ್ಮ.

"ಹಂಗಾದ್ರೆ ಎರಡೂ ನಮ್ದೇನಾ?" ಎಂದರು ವಿಜಯನಗರದವರು, ಯಾರಿಗೂ ಅಲ್ಲವೆಂಬಂತೆ.

ದೊಡ್ಡಮ್ಮ ಕನ್ನಡಕ ತೆಗೆದು ಇಟ್ಟರು. ಈ ಸಲ ಒರೆಸಲಿಲ್ಲ. "ಕಾಣ್ತಿಲ್ಲ ಕಣೇ" ಎಂದರು. "ಬೆಳಗ್ಗೆನೂ ಸರಿಯಾಗಿ ಕಾಣ್ಲಿಲ್ಲ. ಹೊಳಪು ಬೇರೆ ಥರ ಅನ್ನಿಸ್ತು, ನಂದಲ್ಲ ಅಂದ್ಬಿಟ್ಟೆ."

ಅಂದರೆ ಸೇತುವೆಯ ಮೇಲೆ ಗಿಂಡಿ ಬದಲಾಗದೆಯೂ ಇರಬಹುದು. ಇದನ್ನು ಅಳಿಯ ಹೇಳಿದನೋ ನಾನು ಹೇಳಿದೆನೋ. ಇಬ್ಬರು ಹೆಂಗಸರೂ ಮಾತಾಡಿದವನನ್ನು ಸುಟ್ಟುಬಿಡುವಂತೆ ನೋಡಿದ್ದಂತೂ ನೆನಪಿದೆ.

"ಎರಡನ್ನೂ ಒಟ್ಟಿಗೆ ಹುಯ್ಸಿ" ಎಂದರು ದೊಡ್ಡಮ್ಮ. "ಇಬ್ರ ಹೆಸರೂ ಹೇಳ್ಸಿ. ವಿಂಗಡಿಸ್ಕೊಳ್ಳೋದು ಅವನ ಕೆಲಸ. ಏನಮ್ಮ, ವಿಜಯನಗರದೋರೆ, ಆಗಬಹುದಾ?"

"ಆಗಬಹುದು ಅಕ್ಕಾವ್ರೇ."

ಮರುದಿನ ಹಾಗೇ ಆಯಿತು. ದೇವಸ್ಥಾನದೊಳಗೆ ಫೋನು ಬಿಡುವುದಿಲ್ಲವಾದ್ದರಿಂದ ದೊಡ್ಡಮ್ಮನಿಗೆ ತೋರಿಸಲಾಗಲಿಲ್ಲ. ನಮ್ಮ ಮಾತನ್ನು ಅವರು ಎಷ್ಟು ನಂಬಿದ್ದಾರೋ ಹೇಳಲಾರೆ. ಆದರೆ ಅಂದು ತುದಿಯಲ್ಲಿ ಒಪ್ಪಂದವಾದ ಮೇಲೂ ಅವರು ಫೋನಿಡಲಿಲ್ಲ. ಅಮ್ಮ ಅಭ್ಯಾಸದಂತೆ ಗಿಂಡಿಯನ್ನು ಕ್ಯಾಮೆರಾದ ಮುಂದೆ ಹಿಡಿದೇ ಇದ್ದಳು.

"ಅದನ್ನ ಸ್ವಲ್ಪ ಕೆಳಗಿಳಿಸೇ."

"ನೆಲಕ್ಕಿಡ್ಬಾರ್ದು ಅಂದಿದ್ದೆ."

"ನೆಲಕ್ಕಿಡು ಅಂದ್ನಾ? ಅಡ್ಡ ಬರ್ತಿದೆ. ಹಿಂದೆ ಅದೇನು, ಸಮುದ್ರನಾ?"

ಅಮ್ಮ ತಿರುಗಿ ನೋಡಿದಳು. ಬಂದಾಗಿನಿಂದ ಅವಳು ಆ ಕಡೆ ತಿರುಗಿರಲೇ ಇಲ್ಲ. "ಹೂಂ ಅಕ್ಕ" ಎಂದಳು. ಗಿಂಡಿಯನ್ನು ನನ್ನ ಕೈಗೆ ತುರುಕಿದಳು. ವಿಜಯನಗರದವರೂ ತಮ್ಮದನ್ನು ನನ್ನ ಇನ್ನೊಂದು ಕೈಗಿಟ್ಟು, ಫೋನಿನ ಪಕ್ಕ ಹೋಗಿ ನಿಂತರು. ನಾನು ಅವಸರದಲ್ಲಿ ಚಪ್ಪಲಿ ಕಳಚಿದೆ.

"ನಿಧಾನಕ್ಕೆ ತಿರುಗ್ಸೇ. ಓಡಿಸ್ಬೇಡ. ಆ ದಡಕ್ಕೆ ಏನು?"

"ಆ ದಡ ಇಲ್ಲ ಅಕ್ಕ. ಇದ್ರೂ ಕಾಣಲ್ಲ."

"ಶಬ್ದ ಕೇಳಿಸ್ತಿದೆ" ಎಂದರು ದೊಡ್ಡಮ್ಮ. ಜಾಡಿಯಿಂದ ಫೋನೆತ್ತಿ ಕಿವಿಗಿಟ್ಟುಕೊಂಡರೆಂದು ಕಾಣುತ್ತದೆ, ಪರದೆಯ ತುಂಬ ಅವರ ಕಿವಿಯೋಲೆ ಬಂತು. ಆಮೇಲೆ ಮತ್ತೆ ಕಣ್ಣು. "ಇನ್ನೂ ಬಲಕ್ಕೆ. ಇನ್ನೂ. ಯಾರೇ ಅದು, ಎರಡು ಕೈಯಲ್ಲೂ ಏನೋ ಹಿಡ್ಕೊಂಡು ಮಧ್ಯ ನಿಂತಿರೋದು? ಸರ್ಕೊಳ್ಳೋಕೆ ಹೇಳು."

ನಾನು ಸರಿದೆ. ಸಾಲಲಿಲ್ಲ. ಇನ್ನೂ ಸರ್ಕೊ ಎಂದರು. ನೀರಿಗಿಳಿದು ನಿಂತೆ.