ಮೊದಲ ಸಾಲು ದೇವರಿಗೆ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಹತ್ತನೇ ಕ್ಲಾಸು ಪಾಸಾದ ಮಕ್ಕಳಿಗೆ ಕಾಲೇಜು ಕೊಡಿಸುವವನು ಬಂಡೆಪ್ಪ, ಸರ್ಕಾರ ಅಲ್ಲ ಎಂದು ನಾವೆಲ್ಲ ಬಹಳ ವರ್ಷ ನಂಬಿದ್ದೆವು. ಬಂಡೆಪ್ಪನೂ ಹಾಗೇ ನಂಬಿದ್ದ. ಅವನು ವಿಜಯಪುರದ ಕಡೆಯವನು. ಪರೇಲ್‌ನ ಒಂದು ಕಾಲೇಜಿನ ಆಫೀಸಿನಲ್ಲಿ ಮೂವತ್ತೊಂದು ವರ್ಷ ಶಿಪಾಯಿಯಾಗಿ ದುಡಿದು ರಿಟೈರ್ ಆದವನು. ನನಗಿಂತ ಎರಡು ವರ್ಷ ಚಿಕ್ಕವನಾದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು, ಅವನ ಎದುರು ಖೋಲಿಯವಳು. ನನ್ನನ್ನು ಅವನು ಅಕ್ಕೋರ ಎಂದು ಕರೆಯುತ್ತಾನೆ, ಮಾತು ಮಾತ್ರ ಕೇಳುವುದಿಲ್ಲ.

ಅಡ್ಮಿಶನ್ನು ಆನ್‌ಲೈನ್ ಆದಾಗ ಇವನ ದರ್ಬಾರು ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ, ಇನ್ನೂ ಹೆಚ್ಚಾಯಿತು. ಮೊದಲು ಒಂದೊಂದು ಕಾಲೇಜಿಗೆ ಒಂದೊಂದು ಫಾರ್ಮು ಇತ್ತು. ಈಗ ಒಂದೇ ಫಾರ್ಮು, ಅದರಲ್ಲಿ ಹತ್ತು ಸಾಲು. ಮುಂಬೈಯ ನೂರಾರು ಕಾಲೇಜುಗಳಿಂದ ಹತ್ತನ್ನು ಆರಿಸಿ, ಬೇಕಾದ ಕ್ರಮದಲ್ಲಿ ತುಂಬಬೇಕು. ಯಾವ ಕಾಲೇಜಿಗೆ ಎರಡು ಲೋಕಲ್ ಬದಲಿಸಬೇಕು, ಯಾವುದರ ಪ್ರಯೋಗಶಾಲೆಗೆ ಬೀಗ ಬಿದ್ದು ಎಷ್ಟು ವರ್ಷವಾಯಿತು, ಯಾವುದರಲ್ಲಿ ಮೇಷ್ಟರು ನಿಜವಾಗಿ ಕ್ಲಾಸಿಗೆ ಬರುತ್ತಾರೆ, ಎಲ್ಲವೂ ಅವನ ತಲೆಯಲ್ಲಿತ್ತು. ಸುಳ್ಳು ಹೇಳಬಾರದು, ಅವನ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ರಿಸಲ್ಟ್ ಬಂದ ವಾರ ಅವನ ಬಾಗಿಲಲ್ಲಿ ಚಪ್ಪಲಿ ರಾಶಿ ಬೀಳುತ್ತಿತ್ತು. ಮಕ್ಕಳು ಮೊಬೈಲ್ ಹಿಡಿದು ಕೂರುವರು, ಇವನು ಕಣ್ಣು ಮುಚ್ಚಿ ಹೇಳುವನು.

ಆದರೆ ಅವನದೊಂದು ಪದ್ಧತಿ ಇತ್ತು. ಮೊದಲ ಸಾಲು ದೇವರಿಗೆ.

"ಲಗ್ನಪತ್ರಿಕಿ ಮೊದಲಿಂದು ಯಾರಿಗೆ ಕೊಡ್ತೀವ್ರಿ ಅಕ್ಕೋರ? ದೇವರಿಗೆ. ದೇವರು ಊಟಕ್ಕ ಬರ್ತಾನೇನು? ಬರಂಗಿಲ್ಲ. ಆದ್ರೂ ದೇವರ ಮುಂದ ಇಡಾಕs ಬೇಕು. ಇದೂ ಹಂಗs."

ದೇವರೆಂದರೆ ದಕ್ಷಿಣ ಮುಂಬೈಯ ಒಂದು ದೊಡ್ಡ ಕಾಲೇಜು, ಅದರ ಕಾಮರ್ಸು. ಅಲ್ಲಿ ತೊಂಬತ್ತನಾಲ್ಕು ಪರ್ಸೆಂಟಿಗಿಂತ ಕೆಳಗೆ ಸೀಟು ಸಿಕ್ಕ ದಾಖಲೆಯೇ ಇರಲಿಲ್ಲ. ನಮ್ಮ ಬಿಲ್ಡಿಂಗಿನ ಯಾವ ಮಗುವೂ ಆ ಗಡಿ ಮುಟ್ಟುವುದಿಲ್ಲ ಎಂದೇ ಅವನು ಅದನ್ನು ಆರಿಸಿದ್ದ. ಸೈನ್ಸ್ ಬೇಕಾದವರಿಗೂ ಅದೇ ಸಾಲು, ಆರ್ಟ್ಸ್ ಬೇಕಾದವರಿಗೂ ಅದೇ ಸಾಲು. ಮಕ್ಕಳ ಮನಸ್ಸಿನಲ್ಲಿದ್ದ ಕಾಲೇಜು ಎರಡನೇ ಸಾಲಿನಲ್ಲಿ. ವರ್ಷ ವರ್ಷವೂ ದೇವರು ಪತ್ರಿಕೆ ಇಸಿದುಕೊಂಡು ಮನೆಯಲ್ಲೇ ಉಳಿದ, ಮಕ್ಕಳಿಗೆ ಎರಡನೆಯದೋ ಮೂರನೆಯದೋ ಸಿಕ್ಕಿತು.

ಮೊದಲ ಸಾಲಿನ ಕಾಲೇಜೇ ಸಿಕ್ಕಿದರೆ ತೆಗೆದುಕೊಳ್ಳಲೇಬೇಕು, ಬಿಟ್ಟರೆ ಮುಂದಿನ ಸುತ್ತುಗಳಿಂದ ಹೊರಗೆ, ಎಂಬ ನಿಯಮ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹುತ್ತದಲ್ಲಿ ಹಾವಿದೆ ಎಂದು ಗೊತ್ತಿದ್ದೂ ಪಂಚಮಿಗೆ ಹಾಲೆರೆಯುತ್ತೇವಲ್ಲ, ಹಾಗೆ.

ಸೋನಾಲಿ ನಮ್ಮ ಮೇಲಿನ ಮಹಡಿಯ ರುದ್ರವ್ವನ ಮಗಳು. ರುದ್ರವ್ವ ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಆಯಾ. ಗಂಡ ಶೆಟ್ಟೆಪ್ಪ ಜೋಗೇಶ್ವರಿಯ ಒಂದು ಕಾರ್ಖಾನೆಗೆ ನಸುಕಿನಲ್ಲೇ ಹೋಗುತ್ತಾನೆ. ಇಬ್ಬರಿಗೂ ಓದಲು ಬಾರದು. ಹುಡುಗಿ ಚಿಕ್ಕವಳಿದ್ದಾಗಿನಿಂದ ಶಾಲೆಗೆ ರಜೆ ಬಿದ್ದರೆ ಅವ್ವನ ಜೊತೆ ಆಸ್ಪತ್ರೆಗೆ ಹೋಗಿ, ರಕ್ತ ಪರೀಕ್ಷೆಯ ಲ್ಯಾಬಿನ ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ಒಳಗಿನ ಹುಡುಗಿಯರ ಹಾಗೆ ಬಿಳಿ ಕೋಟು ಹಾಕಿಕೊಂಡು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಬೇಕು, ಅಷ್ಟೇ ಅವಳ ಆಸೆ. ಅದಕ್ಕೆ ಹನ್ನೊಂದನೇ ಕ್ಲಾಸಿನಲ್ಲಿ ಸೈನ್ಸೇ ಬೇಕು. ಈಗ ತಪ್ಪಿದರೆ ಮುಂದೆ ಆ ಬಾಗಿಲು ತೆರೆಯುವುದಿಲ್ಲ. ಅವಳಿಗೆ ತೊಂಬತ್ತೊಂದು ಪರ್ಸೆಂಟ್ ಬಂದಿತ್ತು. ಬಂಡೆಪ್ಪ ದುಡಿದ ಕಾಲೇಜಿನ ಸೈನ್ಸ್ ಎಂಬತ್ತೆಂಟಕ್ಕೇ ಸಿಗುತ್ತಿತ್ತು. ಅಂಗೈಯಲ್ಲಿ ಇಟ್ಟ ಹಾಗೆ.

ಫಾರ್ಮು ತುಂಬುವಾಗ ನಾನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಮೊದಲ ಸಾಲು ಕೇಳಿ ಸೋನಾಲಿಯ ಬೆರಳು ನಿಂತಿತು.

"ಮಾಮಾ, ಕಾಮರ್ಸ್ ಯಾಕ? ನಂಗ ಸೈನ್ಸೇ ಪಾಯಿಜೆ ನಾ."

"ಹುಚ್ಚಿ, ಅದು ಸಿಗೂದಲ್ಲವಾ. ಕೈ ಮುಗಿಯೂದು. ಒತ್ತು."

ಅವಳು ನನ್ನ ಮುಖ ನೋಡಿದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು, ಬೇಡ ಎನ್ನಬೇಕಿತ್ತು. ನಕ್ಕೆ. ಅವಳೂ ನಕ್ಕು ಒತ್ತಿದಳು.

ಆ ವರ್ಷ ದೊಡ್ಡ ಕಾಲೇಜು ಕಾಮರ್ಸಿನಲ್ಲಿ ಹೊಸದಾಗಿ ಇನ್ನೊಂದು ತುಕಡಿ ತೆರೆಯಿತು. ನೂರಿಪ್ಪತ್ತು ಸೀಟು ಹೆಚ್ಚಾದವು, ಗೆರೆ ತೊಂಬತ್ತೊಂದಕ್ಕೆ ಇಳಿಯಿತು. ದೇವರು ಊಟಕ್ಕೆ ಬಂದ.

ಪಟ್ಟಿ ಬಂದ ಬೆಳಿಗ್ಗೆ ಸೋನಾಲಿ ಮೊಬೈಲ್ ಹಿಡಿದು ಓಡಿ ಬಂದಾಗ ಬಂಡೆಪ್ಪ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದ. ಓದಿದ. ಇನ್ನೊಮ್ಮೆ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಅಷ್ಟರಲ್ಲಿ ಗ್ಯಾಲರಿಯಲ್ಲಿ ಸುದ್ದಿ ಹಬ್ಬಿ, ನಮ್ಮ ಬಿಲ್ಡಿಂಗಿನ ಹುಡುಗಿಗೆ ಅಂಥ ಕಾಲೇಜು ಎಂದು ಹೆಂಗಸರು ಅವಳ ಗಲ್ಲ ಸವರತೊಡಗಿದ್ದರು. ಆ ಗದ್ದಲದ ನಡುವೆ ಅವಳು ಬಂಡೆಪ್ಪನನ್ನೇ ನೋಡುತ್ತಿದ್ದಳು.

"ಮಾಮಾ, ಅಭಿ ಕ್ಯಾ?"

"ತಡಿಯವ್ವ. ತಡಿ. ಮಾತಾಡೂಣು," ಅಂದ. ಸೋಪು ಅವನ ಮುಖದ ಮೇಲೆ ಒಣಗುತ್ತಿತ್ತು.

ಸೀಟು ಒಪ್ಪಿಕೊಳ್ಳಲು ಮೂರು ದಿನ ಅವಧಿ. ಮೊದಲ ದಿನ ನಾವು ಮೂವರೂ ಅಡ್ಮಿಶನ್ನಿನ ಮಾರ್ಗದರ್ಶನ ಕೇಂದ್ರಕ್ಕೆ ಹೋದೆವು. ಎರಡು ತಾಸು ನಿಂತ ಮೇಲೆ ಕೌಂಟರಿನ ಹೆಂಗಸು ನಮ್ಮ ಕಾಗದ ನೋಡಿದಳು.

"ಪಹಿಲಾ ನಂಬರ್ ಮಿಳಾಲಾ ನಾ? ಮಗ ರಡತಾ ಕಶಾಲಾ?"

ಮೊದಲನೆಯದೇ ಸಿಕ್ಕಿದೆಯಲ್ಲ, ಅಳುವುದೇಕೆ ಎಂದು ಅವಳಿಗೆ ನಿಜಕ್ಕೂ ಆಶ್ಚರ್ಯ. ತಪ್ಪಿ ತುಂಬಿದ್ದು ಎಂದು ಬಂಡೆಪ್ಪ ತನಗೆ ಬರುವ ಮರಾಠಿಯನ್ನೆಲ್ಲ ಸುರಿದ. ಲಗ್ನಪತ್ರಿಕೆಯ ವಿಷಯವನ್ನೂ ಹೇಳಹೊರಟ, ನಾನೇ ತೋಳು ಹಿಡಿದು ನಿಲ್ಲಿಸಿದೆ. ಆಕೆ ಕೆಟ್ಟವಳಲ್ಲ. ನಿಧಾನವಾಗಿ ತಿಳಿಸಿದಳು: ಒಪ್ಪಿಕೊಳ್ಳಿ, ಇಲ್ಲವೇ ಬಿಡಿ. ಬಿಟ್ಟರೆ ಎಲ್ಲ ಸುತ್ತು ಮುಗಿದ ಮೇಲೆ ಎಲ್ಲೆಲ್ಲಿ ಸೀಟು ಮಿಕ್ಕಿದೆಯೋ ಅಲ್ಲಿ. ಸೈನ್ಸ್ ಮಿಗುತ್ತದೆಯೋ ಇಲ್ಲವೋ ಯಾರೂ ಹೇಳಲಾರರು. ನಮ್ಮ ಹಿಂದೆ ಇನ್ನೂ ಐವತ್ತು ಜನ ನಿಂತಿದ್ದರು.

ಎರಡನೇ ದಿನ ಅವನು ತನ್ನ ಹಳೆಯ ಕಾಲೇಜಿಗೆ ಹೋದ. ಒಗೆದ ಬಿಳಿ ಅಂಗಿ, ತಲೆಗೆ ಟೋಪಿ. ಮೂವತ್ತೊಂದು ವರ್ಷ ನೀರು ಕೊಟ್ಟಿದ್ದೇನೆ, ಗಂಟೆ ಬಾರಿಸಿದ್ದೇನೆ, ಒಂದು ಸೀಟಿಗೆ ಇಲ್ಲ ಅಂದಾರೆಯೇ ಎಂಬ ಧೈರ್ಯ. ಹಿಂದೆಲ್ಲ ಸಾಹೇಬರು "ಬಂಡೆಪ್ಪನ ಮಂದಿ" ಎಂದು ಒಂದು ಫಾರ್ಮನ್ನು ಬೇರೆ ತೆಗೆದಿಡುತ್ತಿದ್ದ ಕಾಲವನ್ನು ಅವನು ಮರೆತಿರಲಿಲ್ಲ. ಈಗಿನ ಕ್ಲರ್ಕು ರೂಪಾಲಿ ಎಂಬ ಚಿಕ್ಕ ಹುಡುಗಿ. ಕುರ್ಚಿ ಕೊಟ್ಟಳು, ಚಹಾ ತರಿಸಿದಳು. ಆಮೇಲೆ ಕಂಪ್ಯೂಟರನ್ನೇ ಅವನ ಕಡೆ ತಿರುಗಿಸಿ ತೋರಿಸಿದಳು. ಮೇಲಿನಿಂದ ಬಂದ ಹೆಸರುಗಳು ಮಾತ್ರ ಅದರಲ್ಲಿದ್ದವು. ಹೊಸ ಹೆಸರು ಬರೆಯುವ ಜಾಗವೇ ಇರಲಿಲ್ಲ.

"ಅಕ್ಕೋರ, ಆಕಿ ಚಹಾ ಕುಡಿಸಿದ್ಲರಿ," ಎಂದು ಸಂಜೆ ಬಂದು ಹೇಳಿದ. "ಬೈದು ಕಳಿಸಿದ್ರ ಚಲೋ ಇತ್ತು."

ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಬೈಯಬೇಕೆಂದೇ ಕಾಯುತ್ತಿದ್ದೆ. ಆದರೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತವನನ್ನು ಏನೆಂದು ಬೈಯಲಿ? ನಾನು ನಕ್ಕದ್ದೂ ನೆನಪಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ಬೇಡದ ವರವನ್ನು ಇಬ್ಬರೂ ಸೇರಿ ಕೊಟ್ಟಿದ್ದರು.

ಮೂರನೇ ದಿನ ಮಧ್ಯಾಹ್ನ ಸೋನಾಲಿ ಒಬ್ಬಳೇ ಬಂದಳು.

"ಮಾಮಾ, ಬಿಡ್ಲ್ಯಾ, ತಗೊಳ್ಳಲ್ಯಾ? ನೀವ್ ಬೋಲೋ."

ಎಷ್ಟೋ ಮಕ್ಕಳಿಗೆ ಕಣ್ಣು ಮುಚ್ಚಿ ದಾರಿ ಹೇಳಿದ ಬಂಡೆಪ್ಪ ಅಂದು ಕಣ್ಣು ಬಿಟ್ಟುಕೊಂಡೇ ಸುಮ್ಮನೆ ಕೂತ. ಬಿಡು ಅಂದು ಕೊನೆಗೆ ಏನೂ ಸಿಗದಿದ್ದರೆ ವರ್ಷ ಹೋಗುತ್ತದೆ. ತಗೋ ಅಂದರೆ ಲ್ಯಾಬು ಹೋಗುತ್ತದೆ. ಹದಿನಾರು ವರ್ಷದ ಹುಡುಗಿ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೊಬೈಲ್ ತೆಗೆದು, ಗೋಡೆಗೆ ಮುಖ ಮಾಡಿ, ತಾನೇ ಒಪ್ಪಿಗೆ ಒತ್ತಿದಳು.

"ಹೋ ಗಯಾ," ಅಂದಳು. ಚಪ್ಪಲಿ ಹಾಕಿಕೊಂಡು ಮೇಲೆ ಹೋದಳು.

ಬಂಡೆಪ್ಪ ಆ ರಾತ್ರಿ ಉಣ್ಣಲಿಲ್ಲವಂತೆ. ಮರುದಿನ ನನ್ನ ಬಾಗಿಲಿಗೆ ಬಂದು, ರುದ್ರವ್ವನ ಮುಂದೆ ಎಲ್ಲ ಹೇಳಿ ತಪ್ಪು ಒಪ್ಪಿಕೊಳ್ಳುತ್ತೇನೆ, ನೀವೂ ಜೊತೆಗಿರ್ರಿ, ಅಂದ. ಆಯಿತು, ಅವಳು ಡ್ಯೂಟಿ ಮುಗಿಸಿ ಬರಲಿ, ಅಂದೆ. ಹೇಗೆ ಶುರು ಮಾಡಬೇಕೆಂದು ಸಂಜೆಯವರೆಗೂ ನನ್ನೆದುರು ಮಾತು ಜೋಡಿಸುತ್ತಿದ್ದ. "ನನ್ನಿಂದ ನಿನ್ನ ಮಗಳಿಗೆ ಅನ್ಯಾಯ ಆತವ್ವ," ಎಂಬುದಾದ ಮೇಲೆ ಮುಂದಿನ ಮಾತು ಅವನಿಗೆ ಸಿಗುತ್ತಿರಲಿಲ್ಲ.

ನಾವು ಮೇಲೆ ಹೋಗುವ ಮೊದಲೇ ರುದ್ರವ್ವ ಕೆಳಗೆ ಬಂದಳು. ಆಯಾ ಸೀರೆಯನ್ನೂ ಬದಲಿಸಿರಲಿಲ್ಲ, ಕೈಯಲ್ಲಿ ಪೇಡೆಯ ಡಬ್ಬಿ. ಅವಳ ಹಿಂದೆ ಸೋನಾಲಿ.

"ಅಣ್ಣಾರ, ಆ ಕಾಲೇಜಿನ ಹೆಸರ ಹೇಳಿದ್ರ ನಮ್ಮ ಆಸ್ಪತ್ರಿ ಡಾಕ್ಟರ ಸುದ್ದಾ ಎದ್ದು ನಿಂತ್ರು! ಇಕಿಗೂ ಸೈನ್ಸ್ ಈಗ ಬ್ಯಾಡ ಅನಿಸೇತಂತ, ನಿನ್ನೆ ತಾನs ಹೇಳಿದ್ಲು. ಎಲ್ಲಾ ನಿಮ್ಮಿಂದ ಆತು."

ಬಂಡೆಪ್ಪ ಬಾಯಿ ತೆರೆದ. "ರುದ್ರವ್ವಾ, ನನ್ನಿಂದ..."

ತಾಯಿಯ ಹೆಗಲ ಹಿಂದಿನಿಂದ ಸೋನಾಲಿ ಬೇಡ ಎಂದು ತಲೆ ಅಲ್ಲಾಡಿಸಿದಳು. ಒಂದೇ ಸಲ. ಬಂಡೆಪ್ಪನ ಮಾತು ಅಲ್ಲೇ ನಿಂತಿತು.

ರುದ್ರವ್ವ ಡಬ್ಬಿ ಬಿಚ್ಚಿ ಒಂದು ಪೇಡೆ ತೆಗೆದು ಅವನ ಕೈಗಿಟ್ಟಳು.

"ತಗೋರಿ ಅಣ್ಣಾರ. ಮೊದಲಿಂದು ನಿಮಗs. ದೇವರ ಮುಂದ ಸುದ್ದಾ ಇನ್ನೂ ಇಟ್ಟಿಲ್ಲ."

ಬಂಡೆಪ್ಪ ಅದನ್ನು ಬಾಯಿಗೆ ಹಾಕಿಕೊಂಡ. ಅವನು ನುಂಗುವವರೆಗೂ ರುದ್ರವ್ವ ನಗುತ್ತಾ ನಿಂತಿದ್ದಳು.