ಗುಳಿಗನ ಕಟ್ಟೆಯ ಪ್ರಸಾದ

ನಮ್ಮಣ್ಣ ಕಳ್ಳು ಬಿಟ್ಟದ್ದನ್ನು ಊರೆಲ್ಲ ಹೊಗಳಿತು. ಬಿಟ್ಟ ಮೇಲೆ ಮತ್ತೆ ಅದರ ಕೈಗೆ ಸಿಗದ ಹಾಗೆ ಅವನನ್ನು ಕಾಯುವುದಕ್ಕೆ ತಂಗಿಯಾದ ನಾನು ಪಟ್ಟ ಪಾಡು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಅವನು ಮಧೂರಿಗೆ ಹೋಗಿ ದೇವರೆದುರು ಮಾತು ಕೊಟ್ಟು ಬಂದದ್ದು ಒಂದು ಬೆಳಗಿನ ಕೆಲಸ. ಆಮೇಲಿನ ಸಂಜೆಗಳೆಲ್ಲ ನನ್ನ ಪಾಲಿಗೆ ಬಂದವು.

ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕಳ್ಳು ಧಾರಾಳವಾಗಿ ಸಿಗುತ್ತಿತ್ತು. ಪಾನನಿರೋಧ ಇನ್ನೂ ಬಂದಿರಲಿಲ್ಲ. ಅಣ್ಣ ಉಪ್ಪಳದ ಜವಳಿ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲೇ ಕಳ್ಳಿನ ಗಡಂಗು. ಗದ್ದೆ ಬದುವಿನ ಮೇಲೆ ಸುತ್ತು ಹಾಕಿ ಬಾ ಎಂದು ಹೇಳಿ ಒಪ್ಪಿಸಿದೆ. ಹಸಿದ ಹೊಟ್ಟೆ ಕೆಟ್ಟದ್ದು ಎಂದು ದೀಪ ಹಚ್ಚುವ ಮೊದಲೇ ಗಂಜಿ ಬಡಿಸುತ್ತಿದ್ದೆ. ಒಣಮೀನು ಸುಡುವುದನ್ನು ನಿಲ್ಲಿಸಿದೆ, ಆ ವಾಸನೆಗೆ ಅವನ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ಒಣಮೀನೆಂದರೆ ನನಗೆ ಪ್ರಾಣ. ಅವನ ಮೇಲೆ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮಳೆಗಾಲ ಸುಸೂತ್ರ ಕಳೆಯಿತು. ಆಮೇಲೆ ತಂಬಿಲ ಬಂತು. ಮನೆಯ ಹಿಂದಿನ ಕಟ್ಟೆಯಲ್ಲಿ ಗುಳಿಗ ದೈವಕ್ಕೆ ವರ್ಷಕ್ಕೊಮ್ಮೆ ಬಡಿಸುವ ಪೂಜೆ ಅದು. ಕಳ್ಳನ್ನು ಸ್ವಲ್ಪ ಕಲ್ಲಿನ ಮೇಲೆ ಹೊಯ್ದು, ಉಳಿದದ್ದನ್ನು ಮನೆಯ ಗಂಡಸರಿಗೆ ಪ್ರಸಾದವಾಗಿ ಕೊಡುವುದು ಕ್ರಮ. ದೈವದ್ದು ಕುಡಿತವಾಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಅಣ್ಣನೂ ಕೈಯೊಡ್ಡಿದ. ಮರುದಿನ ಅವನು ಗಡಂಗಿನಲ್ಲಿದ್ದ. ಮತ್ತೆ ನೆಟ್ಟಗಾಗುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಅವನ ಹೆಂಡತಿ ತವರಿಗೆ ಹೋದವಳು, ಇನ್ನೊಮ್ಮೆ ಹೀಗಾದರೆ ತಾನು ಬರುವುದಿಲ್ಲವೆಂದು ಹೇಳಿಯೇ ಹಿಂದೆ ಬಂದಳು.

ಮರುವರ್ಷ ತಂಬಿಲ ಹತ್ತಿರವಾದಾಗ, ಮನೆಯ ಯಜಮಾನನಾಗಿದ್ದ ಸೋದರಮಾವನಿಗೆ ಈ ಸಲ ಕಳ್ಳಿನ ಬದಲು ಎಳನೀರು ಇಡಿ ಎಂದೆ. ಅವರು ಕೆಂಡವಾದರು. ಹಿರಿಯರು ನಡೆಸಿದ್ದನ್ನು ತಪ್ಪಿಸಿ ದೈವ ಮುನಿದರೆ ನೀನು ಉತ್ತರ ಕೊಡುತ್ತೀಯಾ ಎಂದು ಕೇಳಿದರು. ಕಳ್ಳಿನ ಮಡಕೆ ಅಂಗಳಕ್ಕೆ ಬಂದರೆ ಒಡೆದೇ ಹಾಕುತ್ತೇನೆ ಎಂದು ನಾನೂ ಹೇಳಿದೆ. ಮಡಕೆ ಬಂತು. ಒಡೆಯುವ ಧೈರ್ಯ ನನಗೆ ಬರಲಿಲ್ಲ.

ಮಾವ ಕಲ್ಲಿಗೆ ಹೊಯ್ದರು. ಬಾಳೆಎಲೆಯ ದೊನ್ನೆ ತುಂಬಿಸಿ ಮೊದಲು ಅಣ್ಣನಿಗೇ ನೀಡಿದರು. ಅಣ್ಣ ಕೈ ಹಿಂದಕ್ಕೆ ಕಟ್ಟಿಕೊಂಡ.

"ಹಿಡಿ ಮಗಾ, ಪ್ರಸಾದ ಬೇಡ ಹೇಳ್ಬಾರ್ದು. ನಿನಗೆ ಈಗ ಅದರ ಆಸೆಯೇ ಇಲ್ಲವಲ್ಲ, ಮತ್ತೆಂತ ಹೆದರಿಕೆ?" ಎಂದರು ಮಾವ.

"ಆಸೆ ಉಂಟು ಮಾವ," ಎಂದ ಅಣ್ಣ. "ದಿನಾ ಉಂಟು. ಈಗ ನಿಮ್ಮ ಕೈಯಲ್ಲಿ ಇರುವುದನ್ನು ಕಂಡು ಬಾಯಲ್ಲಿ ನೀರು ಬರ್ತಾ ಉಂಟು. ಅದಕ್ಕೇ ಕೊಡ್ಬೇಡಿ ಹೇಳುದು."

ಅಷ್ಟು ಜನರೆದುರು ಹೇಳಿದ. ಆಸೆ ಎಂದೋ ಸತ್ತಿದೆ, ನನ್ನ ಗಂಜಿಯಿಂದಲೇ ಸತ್ತಿದೆ ಎಂದು ನಾನು ತಿಳಿದಿದ್ದೆ.

ಮಾವ ದೊನ್ನೆಯನ್ನು ನೋಡುತ್ತಾ ನಿಂತರು. ಆಮೇಲೆ ಅದನ್ನು ಕಲ್ಲಿಗೇ ಸುರಿದು, ಮಡಕೆಯನ್ನೂ ಪೂರ್ತಿ ಬಗ್ಗಿಸಿದರು. ಸಾಲಾಗಿ ಕಾಯುತ್ತಿದ್ದ ಉಳಿದ ಗಂಡಸರ ಮುಖ ಬಾಡಿತು. ಎಲ್ಲರಿಗೂ ಗಂಧ ಮಾತ್ರ ಸಿಕ್ಕಿತು. ಅಂದಿನಿಂದ ನಮ್ಮ ಕಟ್ಟೆಯಲ್ಲಿ ಕಳ್ಳು ಗುಳಿಗನೊಬ್ಬನಿಗೇ.